ಮುನಿಯಕ್ಕನ ಕುರ್ಚಿಯಲ್ಲಿ ಕೂತು ನಾನು ಮಾಡಿದ್ದು

ಮುನಿಯಕ್ಕನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ. ಜಿಗಣಿಯ ಹಳೇ ಮನೆತನದವರು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಹನ್ನೆರಡು ವರ್ಷ ಚೆಕಿಂಗ್ ಕೆಲಸ. ದಿನವಿಡೀ ನಿಂತು ಕಾಲು ಊದಿಕೊಳ್ಳುತ್ತಿತ್ತಂತೆ. ಅದರ ನಡುವೆಯೇ ಮನೆಯಲ್ಲಿ ಓದಿ ಬಿ.ಎ. ಮುಗಿಸಿ, ಕಂಪ್ಯೂಟರ್ ಕಲಿತು, 2014ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಆಫೀಸಿಗೆ ಬಂದರು. ಆರು ತಿಂಗಳು ಸರಿಯಾಗಿ ಮಾಡಿದರೆ ಪರ್ಮನೆಂಟ್. ಕೂತು ಮಾಡುವ ಕೆಲಸ ಅವರಿಗೆ ಅದೇ ಮೊದಲು. ಅವರ ಟೀಮ್ ಲೀಡ್ ಶರಣ್ಯ, ಅಂದರೆ ನಾನು. ಇಪ್ಪತ್ತಾರು ವರ್ಷ, ಮೂಗಿನ ತುದಿಯಲ್ಲೇ ಕೋಪ.

ಕೆಲಸ ಇಷ್ಟು. ಗ್ರೀಕರ ಕಾಲದ ತತ್ತ್ವಜ್ಞಾನದ ಸಂವಾದಗಳಲ್ಲಿ ಯಾರು ಯಾವುದರಲ್ಲಿ ಬರುತ್ತಾರೆ ಎಂದು ಹುಡುಕಿ, ಆ ಹೆಸರನ್ನು ಆ ಸಂವಾದಕ್ಕೆ ಜೋಡಿಸಬೇಕು. ಕಂಪ್ಯೂಟರು ಓದುವ ವಂಶವೃಕ್ಷ ಅನ್ನಿ. ನಾವು ನಾಲೆಡ್ಜ್ ಗ್ರಾಫ್ ಅನ್ನುತ್ತಿದ್ದೆವು. ಒಬ್ಬನೇ ಮನುಷ್ಯ ಎರಡು ಕಡೆ ದಾಖಲಾಗಿದ್ದರೆ ಸೇರಿಸಿ ಒಂದು ಮಾಡಬೇಕು.

ಐದನೇ ತಿಂಗಳು. ಒಂದೇ ಹೆಸರಿನ ಇಬ್ಬರನ್ನು ಮುನಿಯಕ್ಕ ಸೇರಿಸದೆ ಹಾಗೇ ಬಿಟ್ಟಿದ್ದರು.

"ಇದೇನ್ರೀ ಇದು, ಎರಡೆರಡು?"

"ಒಬ್ರಲ್ಲ ಮೇಡಂ. ಇಲ್ಲಿ ಮುದುಕ್ರು, ಅಲ್ಲಿ ಹುಡುಗ. ತಾತನೆಸ್ರು ಮೊಮ್ಮಗನಿಗಿಟ್ಟವ್ರೆ. ನಮ್ಮಲ್ಲೂ ಅಂಗೇ ಅಲ್ವಾ? ನನ್ ಮಗಂದು ಅವರ ತಾತನೆಸ್ರೇ. ಮಾವನೆಸ್ರು ಬಾಯಲ್ಲಿ ಎತ್ತಬಾರ್ದಲ್ಲ, ಅದಕ್ಕೆ ಚಿನ್ನಾ ಅಂತ ಕರೀತೀನಿ."

"ಅಯ್ಯೋ ರಾಮ! ಇದು ಜಿಗಣಿ ಅಲ್ಲ ಕಣ್ರೀ, ಗ್ರೀಸು!" ಎಂದೆ. ಇಡೀ ಸಾಲು ನಕ್ಕಿತು. ಅವರ ಕಿವಿ ಕೆಂಪಾಯಿತು. "ಏಳಿ" ಎಂದು ಎಬ್ಬಿಸಿ, ಅವರದೇ ಕುರ್ಚಿಯಲ್ಲಿ ಕೂತು ಆ ತಾತನನ್ನೂ ಮೊಮ್ಮಗನನ್ನೂ ಒಂದು ಮಾಡಿದೆ. ಅಂಥವೇ ಇನ್ನೂ ಹನ್ನೊಂದು ಜೋಡಿಗಳಿದ್ದವು. ಅವನ್ನೂ ಬಿಡಲಿಲ್ಲ.

ಹದಿನೈದು ದಿನಕ್ಕೆ ಕೆಲಸವೆಲ್ಲ ಕ್ಲೈಂಟಿನಿಂದ ವಾಪಸು ಬಂತು. ಸತ್ತು ಎಷ್ಟೋ ವರ್ಷವಾದ ತಾತ ನಮ್ಮ ಗ್ರಾಫಿನಲ್ಲಿ ಎದ್ದು ಕೂತು ವಾದ ಮಾಡುತ್ತಿದ್ದ. ಮ್ಯಾನೇಜರ್ ವಿಷ್ಣು ಸಾರ್ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಕಂಪ್ಯೂಟರಿನ ದಾಖಲೆ ತೆಗೆದರು. ಹನ್ನೆರಡೂ ಮುನಿಯಕ್ಕನ ಲಾಗಿನ್ನಿನಲ್ಲಿ ಆಗಿದ್ದವು.

"ನೀವಾ ಮಾಡಿದ್ದು?"

ಮುನಿಯಕ್ಕ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಒಂದು ಮಾತು, ಒಂದೇ ಒಂದು ಮಾತು ಸಾಕಿತ್ತು. ನಕ್ಕ ಆ ಸಾಲೂ ಈಗ ಬಾಯಿಗೆ ಬೀಗ ಹಾಕಿಕೊಂಡಿತ್ತು. ಮುನಿಯಕ್ಕ ತಡೆದು ತಡೆದು, "ನನ್ ಸಿಸ್ಟಮ್ಮೇ ಸಾರ್" ಎಂದರು. ತಿಂಗಳ ಕೊನೆಗೆ ಅವರನ್ನು ಮನೆಗೆ ಕಳಿಸಿದರು. ತಾತಂದಿರನ್ನೂ ಮೊಮ್ಮಕ್ಕಳನ್ನೂ ಮತ್ತೆ ಬಿಡಿಸಿಟ್ಟವಳು ನಾನು. ಕ್ಲೈಂಟಿನ ಶಹಬ್ಬಾಸ್ ಸಿಕ್ಕಿದ್ದೂ ನನಗೇ. ಥೂ, ನನ್ನ ಜನ್ಮಕ್ಕಿಷ್ಟು!

ನಾಲ್ಕು ತಿಂಗಳು ನಾಚಿಕೆಯಲ್ಲಿ ಬೆಂದು, ಕೊನೆಗೆ ಬೊಮ್ಮನಹಳ್ಳಿಗೆ ಹೋದೆ. ಗಾರ್ಮೆಂಟ್ಸ್ ಗೇಟಿನಲ್ಲಿ ಸಂಜೆ ಹೆಂಗಸರ ನೂಕುನುಗ್ಗಲು. ಮುನಿಯಕ್ಕ ಚಪ್ಪಲಿ ಎಳೆದುಕೊಂಡು ಬಂದರು. ಕಾಲು ಮತ್ತೆ ಊದಿತ್ತು.

"ಮುನಿಯಕ್ಕ, ತಪ್ಪು ನಂದು. ಅವತ್ತು ನಾನು ಬಾಯಿ ಬಿಡಬೇಕಿತ್ತು" ಎಂದು ಅತ್ತೆ.

ಅವರು ಅಳಲಿಲ್ಲ, ಬೈಯಲೂ ಇಲ್ಲ. "ನೀವೇ ಯೇಳ್ತೀರ ಅಂತ ತಿಂಗಳು ಮುಗಿಯೋಗಂಟ ಕಾದೆ ಮೇಡಂ. ಈಗ ಸಾರ್‌ಗೆ ಯೇಳುದ್ರಾ?"

"ಇಲ್ಲ... ಇನ್ನೂ ಇಲ್ಲ."

"ಮತ್ತೆ? ಗೊತ್ತಿರೋಳತ್ರ ಬಂದು ಯೇಳಿದ್ರೆ ಏನ್ ಬಂತು? ಗೊತ್ತಿಲ್ದಿರೋರತ್ರ ಓಗಿ ಯೇಳಿ" ಎಂದು ಜಿಗಣಿ ಬಸ್ಸು ಹತ್ತಿದರು.

ಮರುದಿನ ಬೆಳಗ್ಗೆ ಲಿಫ್ಟಿನಲ್ಲಿ ವಿಷ್ಣು ಸಾರ್ ಒಬ್ಬರೇ ಸಿಕ್ಕರು. ನಾಲ್ಕು ಮಹಡಿ ಜೊತೆಗೇ ಏರಿದೆವು. ನಾನು ಗುಡ್ ಮಾರ್ನಿಂಗ್ ಎಂದೆ, ಅಷ್ಟೇ.