ನೀರುನಾಯಿಗೆ ಇಟ್ಟ ಕ್ಯಾಮೆರಾ

ಕ್ಯಾಮೆರಾ ಬಿಚ್ಚಿ ನೋಡಿದರೆ ಚಿತ್ರಗಳ ತುಂಬಾ ನಾಗಮ್ಮನೇ! ನಮ್ಮ ಪ್ರಾಣಿ ಅಧ್ಯಯನ ಸಂಘ ಸದಸ್ಯರಿಗೆ ಕೊಡುವ ಸಣ್ಣ ಅನುದಾನದಲ್ಲಿ ಅದನ್ನು ಕೊಂಡು, ನೀರುನಾಯಿಗಳ ಚಿತ್ರಕ್ಕೆಂದು ಅಘನಾಶಿನಿ ನದಿದಂಡೆಯ ಮರಕ್ಕೆ ಕಟ್ಟಿದ್ದೆ; ಎದುರು ಏನೇ ಅಲುಗಾಡಿದರೂ ತಾನೇ ಚಿತ್ರ ತೆಗೆಯುತ್ತದೆ. ನದಿಯಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸುವ ನಾಗಮ್ಮ ದಿನಾ ಬೆಳಿಗ್ಗೆ ಅಬ್ಬಲಿಗೆ ಮುಡಿದು, ಕ್ಯಾಮೆರಾದ ಎದುರು ನೆಟ್ಟಗೆ ನಿಂತಿದ್ದರು. ಸಂಘಕ್ಕೆ ಏನೆಂದು ವರದಿ ಬರೆಯಲಿ?

ಕೊನೆಯ ಚಿತ್ರ ನೋಡಿ ಕುಣಿದಾಡಿದೆ. ನಾಗಮ್ಮನ ಬೆನ್ನ ಹಿಂದೆಯೇ ನೀರುನಾಯಿಯೊಂದು ಎರಡು ಮರಿಗಳ ಜತೆ ಕತ್ತೆತ್ತಿ ನೋಡುತ್ತಿತ್ತು! ಓಡಿಹೋಗಿ ಅವರಿಗೆ ತೋರಿಸಿದೆ.

"ನನ್ನದು ಚೆಂದ ಬಂತಲ! ಅವು ದಿನಾ ಆಚೆ ಕಟ್ಟೆ ಮೇಲೆ ಇರ್ತವೆ ತಂಗಿ. ನೀ ಎಂತಕ್ಕೆ ಇಲ್ಲಿ ಕಟ್ಟಿದ್ದೆ?"

ಈಗ ಕ್ಯಾಮೆರಾ ಎಲ್ಲಿ ಕಟ್ಟಬೇಕೆಂದು ಹೇಳುವವರು ನಾಗಮ್ಮ. ಕಟ್ಟಿದ ಮೇಲೆ ಮೊದಲ ಚಿತ್ರವೂ ಅವರದೇ.