ಹುಳುಮನೆಯ ಹೊರಗೆ ದೊಡ್ಡಬಸಮ್ಮ

ಧನಗೆರೆಯಲ್ಲಿ ಆ ಕಾಲಕ್ಕೆ ರೇಷ್ಮೆಹುಳು ಮೇಯಿಸದ ಮನೆಯೇ ಕಡಿಮೆ. ಹಾಗಿದ್ದರೂ ಗೂಡು ಕೊಳ್ಳಲು ಕೊಳ್ಳೇಗಾಲದಿಂದ ಬಂದವರು ಮೊದಲು ಕೇಳುತ್ತಿದ್ದದ್ದು ದೊಡ್ಡಬಸಮ್ಮನ ಮನೆಯನ್ನು. ಹದಿನೆಂಟು ವರ್ಷದಲ್ಲಿ ಅವಳ ಕೈಯಲ್ಲಿ ಒಂದು ಬೆಳೆಯೂ ಕೆಟ್ಟಿರಲಿಲ್ಲ. ಇದರ ಗುಟ್ಟು ಊರಿಗೆಲ್ಲ ಗೊತ್ತಿತ್ತು. ಅದು ಅವಳ ಉಬ್ಬಸ.

ಹುಳುಗಳು ನಾಲ್ಕನೇ ಸಲ ಪೊರೆ ಕಳಚಿ ಎದ್ದು, ಹಸಿದು ಮೇಯತೊಡಗಿದ ಕೂಡಲೇ ದೊಡ್ಡಬಸಮ್ಮನಿಗೆ ಮೂಗು ತುರಿಸುತ್ತಿತ್ತು. ಆಮೇಲೆ ಸಾಲುಸಾಲು ಸೀನು, ಕಣ್ಣಲ್ಲಿ ನೀರು, ಕಡೆಗೆ ಎದೆಯೊಳಗೆ ಸಿಳ್ಳೆ. ಹುಳು ಚೆನ್ನಾಗಿ ಮೇದಷ್ಟೂ ಉಬ್ಬಸ ಜೋರು. ಉಬ್ಬಸ ಜೋರಾದ ಬೆಳೆಯಲ್ಲಿ ಗೂಡೂ ಗಟ್ಟಿ. ವರ್ಷಗಟ್ಟಲೆ ಇದನ್ನೇ ಕಂಡ ಮೇಲೆ ಅವಳೊಂದು ತೀರ್ಮಾನಕ್ಕೆ ಬಂದಿದ್ದಳು: ಹುಳುಗಳು ತನ್ನ ಉಸಿರನ್ನು ಎಳೆದುಕೊಂಡು ನೂಲು ಮಾಡುತ್ತವೆ. ಹೆತ್ತವಳು ಹಾಲು ಕೊಡುತ್ತಾಳೆ, ತಾನು ಉಸಿರು ಕೊಡುತ್ತಿದ್ದೇನೆ. ನಗುವವರು ನಗಲಿ. ಅವಳು ಕಂಡಷ್ಟನ್ನೇ ಕಂಡಿದ್ದರೆ ನಾವೂ ಅದನ್ನೇ ನಂಬುತ್ತಿದ್ದೆವು.

ಮಧ್ಯಾಹ್ನ ಹುಳುಮನೆಯಲ್ಲಿ, ಹುಳು ಮೇಯುವ ತಟ್ಟೆಗಳ ಸಾಲಿನ ಕೆಳಗೆ ಗೋಣಿ ಹಾಸಿ ಮಲಗುವುದು ಅವಳಿಗೆ ದೊಡ್ಡ ಸುಖ. ಸೊಪ್ಪಿನ ಮೇಲೆ ಸಾವಿರಾರು ಬಾಯಿ ಆಡುವ ಸದ್ದು ಸೋನೆಯ ಹಾಗೆ ಸುರಿಯುತ್ತಿತ್ತು. ಎದೆ ಸಿಳ್ಳೆ ಹಾಕುತ್ತಿದ್ದರೂ ಅರೆನಿದ್ದೆ ಹತ್ತುತ್ತಿತ್ತು. ಆಗ ತನ್ನ ಎದೆಯಿಂದ ಒಂದು ಬಿಳಿ ಎಳೆ ಹೊರಟು, ತಟ್ಟೆಯಿಂದ ತಟ್ಟೆಗೆ ಹಾಯ್ದು, ಸೂರಿನ ಕಡೆ ಏರುವುದು ಕಾಣುತ್ತಿತ್ತು. ಎಚ್ಚರವಾದರೂ ಸ್ವಲ್ಪ ಹೊತ್ತು ಅದು ಅಲ್ಲೇ ಇರುತ್ತಿತ್ತು.

ಸಾವಿರದ ಒಂಬೈನೂರ ಅರವತ್ನಾಲ್ಕರ ಮುಂಗಾರಿನ ಬೆಳೆಯಲ್ಲಿ ಅವಳ ತುಟಿ ನೀಲಿಗೆ ತಿರುಗಿತು. ಗಂಡ ಪುಟ್ಟಮಾದಪ್ಪ ಹೆಂಡತಿಯ ಮಾತಿಗೆ ಎದುರಾಡಿದವನೇ ಅಲ್ಲ. ಅವತ್ತು ಮಾತ್ರ ಅವಳು ಕೈ ಅಲ್ಲಾಡಿಸಿ ಬೇಡವೆಂದರೂ ಎತ್ತಿ ಗಾಡಿಯಲ್ಲಿ ಮಲಗಿಸಿ ಕೊಳ್ಳೇಗಾಲಕ್ಕೆ ಹೊಡೆದ.

ಡಾಕ್ಟರು ಸೂಜಿ ಹಾಕಿದರು. ಉಸಿರು ಸಡಿಲವಾದ ಮೇಲೆ ಪಕ್ಕದಲ್ಲಿ ಕೂತು ಕೇಳಿದರು: "ಉಬ್ಬಸ ಯಾವಾಗ ಬರುತ್ತೆ ಅಂತ ಹೇಳಿದಿರಿ. ಯಾವಾಗ ಬರೋದಿಲ್ಲ?"

ಇದನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಯೋಚಿಸಿ ಹೇಳಿದಳು: "ನಮ್ಮವ್ವನ ಮನೆ ಯಳಂದೂರ್ ತಾವು ಸಾ. ಅಲ್ಲಿ ಬರೀ ಬತ್ತ, ಹುಳ ಇಲ್ಲ. ಅಲ್ಗೋದ್ರೆ ನಾಕೇ ದಿನ್ಕೆ ಬುಟ್ಟೋಯ್ತದೆ."

"ಇದಕ್ಕೆ ಅಲರ್ಜಿ ಅಂತಾರೆ. ಹುಳದ ಪೊರೆ, ಒಣಗಿದ ಹಿಕ್ಕೆ, ಎಲ್ಲ ದೂಳಾಗಿ ಹಾರುತ್ತೆ. ಮಿಕ್ಕವರಿಗೆ ಅದು ಬರೀ ದೂಳು. ನಿಮ್ಮ ಮೈ ಮಾತ್ರ ಅದನ್ನ ಕಳ್ಳ ಅಂದ್ಕೊಂಡು ಬಾಗಿಲು ಹಾಕುತ್ತೆ. ನಿಮ್ಮ ಉಸಿರು ಓಡಾಡಬೇಕಾದದ್ದೂ ಅದೇ ಬಾಗಿಲಲ್ಲಿ."

ಹುಳುಮನೆಗೆ ಕಾಲಿಡಕೂಡದು, ಅಲ್ಲಿಂದ ಬಂದವರು ಬಟ್ಟೆ ಬದಲಾಯಿಸದೆ ಹತ್ತಿರ ಕೂರಕೂಡದು, ಎದೆಯಲ್ಲಿ ಮೊದಲ ಸಿಳ್ಳೆ ಕೇಳಿದಾಗಲೇ ಗುಳಿಗೆ ನುಂಗಬೇಕು, ತುಟಿ ಬಣ್ಣ ತಿರುಗಿದರೆ ಒಂದು ಗಳಿಗೆಯೂ ಕಾಯಕೂಡದು ಎಂದರು. ಇನ್ನೊಂದು ಸಲ ಹೀಗಾದರೆ ಉಳಿಸುತ್ತೇನೆಂದು ಮಾತು ಕೊಡಲಾರೆ ಎಂದೂ ಹೇಳಿದರು.

"ನಾನ್ ಒಳಗಿಲ್ದಿದ್ರೆ ಬೆಳೆ ಉಳಿಯಾಕಿಲ್ಲ ಸಾ."

"ಒಂದೇ ಒಂದು ಬೆಳೆ ಹೊರಗಿದ್ದು ನೋಡಿ."

ಹಾಗೆ ಮುಂದಿನ ಬೆಳೆ ಸೊಸೆ ಸುವರ್ಣಮ್ಮನ ಪಾಲಿಗೆ ಬಂತು. ಮದುವೆಯಾಗಿ ಎರಡು ವರ್ಷದ ಹುಡುಗಿ, ಮಾತು ಕಡಿಮೆ. ದೊಡ್ಡಬಸಮ್ಮ ಊರಾಚೆ ಹಿಪ್ಪುನೇರಳೆ ತೋಟದ ಗುಡಿಸಲಿಗೆ ಚಾಪೆ, ಮಡಕೆ ಸಾಗಿಸಿದಳು. ಅವಳ ಪಾಲಿಗೆ ಉಳಿದದ್ದು ಸೊಪ್ಪು ಕೊಯ್ಯುವ ಕೆಲಸ. ಸುವರ್ಣಮ್ಮ ದಿನವೂ ಮಿಂದು, ಸೀರೆ ಬದಲಿಸಿ ಬಂದು ಸೊಪ್ಪು ಹೊತ್ತೊಯ್ಯುತ್ತಿದ್ದಳು.

ಆ ತೋಟದಲ್ಲಿ ದಿನಗಳು ನಿಧಾನವಾಗಿ ತೇಲಿದವು. ಗಾಳಿ ಬಂದರೆ ಸೊಪ್ಪಿನ ಸಾಲೆಲ್ಲ ಹುಳು ಮೇದಂತೆ ಸರಸರ ಎನ್ನುತ್ತಿತ್ತು. ದೂರದಲ್ಲಿ ಬಿಳಿಗಿರಿರಂಗನ ಬೆಟ್ಟ ಮೋಡದೊಳಗೆ ಕರಗಿ, ಮತ್ತೆ ಮೂಡುತ್ತಿತ್ತು. ಎಷ್ಟೋ ವರ್ಷದ ಮೇಲೆ ಅವಳ ಮೂಗಿಗೆ ಹಸಿ ಮಣ್ಣಿನ ವಾಸನೆ ಹತ್ತಿತು. ಉಸಿರು ಹೊಟ್ಟೆಯ ತನಕ ಇಳಿದು ತಾನಾಗಿ ಮೇಲೆ ಬರುತ್ತಿತ್ತು. ಅದು ಎಷ್ಟು ಹಿತವಾಗಿತ್ತೋ, ಅವಳಿಗೆ ಅಷ್ಟೇ ಹೆದರಿಕೆ. ಇಲ್ಲಿ ತಾನು ಇಷ್ಟು ಸಲೀಸಾಗಿ ಉಸಿರಾಡುತ್ತಿದ್ದರೆ ಅಲ್ಲಿ ಹುಳುಗಳ ಗತಿಯೇನು?

ಒಂದು ಮಧ್ಯಾಹ್ನ ತಡೆಯಲಾರದೆ ಮನೆಯವರೆಗೂ ನಡೆದಳು. ಹುಳುಮನೆಯ ಹೊಸ್ತಿಲಿಗೆ ಕಾಲು ಚಾಚಿದಾಗ ಮೂಗು ತುರಿಸಿತು. ಹಿಂದೆಲ್ಲ ಅದನ್ನು ಹುಳುಗಳ ಕರೆ ಎಂದುಕೊಂಡು ಒಳಗೆ ಹೋಗುತ್ತಿದ್ದಳು. ಈಗ ಬಾಗಿಲು ಹಾಕಿಕೊಳ್ಳುವ ಸದ್ದು ಅದರಲ್ಲಿ ಕೇಳಿತು. ಗುಳಿಗೆ ನುಂಗಿ, ಸೆರಗು ಒದ್ದೆ ಮಾಡಿ ಮೂಗಿಗೆ ಹಿಡಿದು, ತೋಟಕ್ಕೆ ಹಿಂದಿರುಗಿದಳು. ದಾರಿಯುದ್ದಕ್ಕೂ ಹೆತ್ತ ಮಕ್ಕಳನ್ನು ಬಿಟ್ಟು ಬಂದವಳಂತೆ ಸಂಕಟಪಟ್ಟಳು.

ಮಾರನೇ ದಿನ ಸೊಪ್ಪಿಗೆ ಬಂದ ಸುವರ್ಣಮ್ಮನ ಕಣ್ಣು ಊದಿದ್ದವು. ಕೇಳಿದರೆ "ಏನಿಲ್ಲ ಅತ್ತೆ" ಎಂದಳು. ಬೆಳೆ ಹೋಯಿತು ಎಂದುಕೊಂಡಳು ದೊಡ್ಡಬಸಮ್ಮ. ಸೊಪ್ಪಿನ ಹೊರೆಯನ್ನು ಸೊಸೆಯ ತಲೆಗೆ ಎತ್ತಿಕೊಟ್ಟಳು.

ಹತ್ತು ದಿನ ಕಳೆದು ಪುಟ್ಟಮಾದಪ್ಪ ಬಂದ. ಹಿಂದೆ ಸುವರ್ಣಮ್ಮ. ಅವನು ದೂಳು ಹಾರದಂತೆ ಒದ್ದೆ ಬಟ್ಟೆಯಲ್ಲಿ ಕಟ್ಟಿ ತಂದ ಗಂಟು ಬಿಚ್ಚಿ ನಾಲ್ಕು ಗೂಡು ತೋರಿಸಿದ. ದೊಡ್ಡಬಸಮ್ಮ ಮುಖ ಆಚೆ ತಿರುಗಿಸಿಕೊಂಡು ಒಂದನ್ನು ಬೆರಳಿನಲ್ಲಿ ಒತ್ತಿದಳು. ಅದು ತಗ್ಗಲಿಲ್ಲ. ಅವಳ ಯಾವ ಬೆಳೆಗೂ ಕಡಿಮೆಯಿರಲಿಲ್ಲ.

ಸಂತೋಷಪಡಬೇಕಿತ್ತು. ಅವಳು ಕುಸಿದು ಕೂತು ಅತ್ತಳು. "ಅಂಗಾರೆ ಇಷ್ಟ್ ವರ್ಸ ನನ್ನುಸ್ರು ಯಾರಿಗೂ ಬೇಕಾಗಿರ್ನಿಲ್ವಾ?"

ಪುಟ್ಟಮಾದಪ್ಪ ಗೂಡುಗಳನ್ನು ಮತ್ತೆ ಬಟ್ಟೆಯಲ್ಲಿ ಕಟ್ಟತೊಡಗಿದ. ಮಾತಾಡಿದವಳು ಸುವರ್ಣಮ್ಮ.

"ಅತ್ತೆ, ನಾನೂ ನಿಮ್ಮಂಗೇ ತಟ್ಟೆ ಕೆಳ್ಗೇ ಮನಿಕತಿದ್ದೆ. ಹಿಕ್ಕೆ ದೂಳ್ನ ಮೂಗ್ ತಾವೇ ಇಡ್ಕತಿದ್ದೆ. ಒಂದ್ ಸೀನೂ ಬರ್ನಿಲ್ಲ. ನನ್ ಉಸ್ರು ಇವುಕ್ ಒಪ್ತಿಲ್ಲ, ಬೆಳೆ ಕೆಡ್ತದೆ ಅಂತ ಅಳ್ತಿದ್ದೆ. ಉಬ್ಬಸ ಕೊಡಪ್ಪಾ ಅಂತ ಮಾದಪ್ಪ ದೇವ್ರಿಗೆ ಅರಕೆ ಕಟ್ಕಂಡಿವ್ನಿ."

ದೊಡ್ಡಬಸಮ್ಮನ ಅಳು ನಿಂತಿತು. ಸೊಸೆಯ ಕೈ ಹಿಡಿದು ಹತ್ತಿರ ಎಳೆದುಕೊಂಡು, ಅವಳ ಎದೆಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದಳು. ಉಸಿರು ಸದ್ದಿಲ್ಲದೆ ಬಂದು ಹೋಗುತ್ತಿತ್ತು.

"ಆ ಅರಕೆ ಬುಟ್ಬುಡು ಮಗಾ," ಎಂದಳು. "ಅವುಕ್ ಬೇಕಾಗಿರೋದು ಸೊಪ್ಪು ಕಣವ್ವ, ಅಷ್ಟೇಯ."