ಬಸ್ಸಿನಲ್ಲಿ ಬಿಚ್ಚಿದ ಚಂಚಿ

ಸಂಜೆಯ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದರೆ ಈಗಲೂ ನನಗೆ ಹುರಿದ ಶೇಂಗಾದ ವಾಸನೆ ಬರುತ್ತದೆ. ಅದರ ಹಿಂದೆಯೇ ತೆಳ್ಳಗೆ ಎಲೆ, ಸುಣ್ಣ, ಲವಂಗ. ಅದು ಅಜ್ಜಿಯ ಚಂಚಿಯ ವಾಸನೆ. ಖಣದ ಬಟ್ಟೆಯಲ್ಲಿ ಹೊಲಿದ, ಒಳಗೆ ನಾಲ್ಕು ಜೇಬುಗಳಿದ್ದ, ಸುರುಳಿ ಸುತ್ತಿ ದಾರ ಕಟ್ಟುವ ಚೀಲ. ಅಜ್ಜಿ ಅದರಲ್ಲಿ ಎಲೆಅಡಿಕೆ ತುಂಬಿಕೊಂಡೇ ಕಲಬುರಗಿ ಕಡೆಯ ಊರಿನಿಂದ ಹೈದರಾಬಾದಿಗೆ ಬಂದಿದ್ದಳು. ಅವಳು ಹೋದ ಮೇಲೆ ಅವ್ವ ಅದನ್ನು ಎಷ್ಟು ಸಲ ಒಗೆದರೂ ವಾಸನೆ ಹೋಗಲಿಲ್ಲ. ಹೋಗಲಿ ಎಂದು ನಮಗೂ ಅನಿಸಿರಲಿಲ್ಲ.

ಅಪ್ಪನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ವರ್ಷ ಆ ಚಂಚಿಗೆ ಹೊಸ ನೌಕರಿ ಸಿಕ್ಕಿತು. ಗುಳಿಗೆ ನುಂಗುವವರು ಎರಡು ಊಟದ ನಡುವೆ ಹೊಟ್ಟೆಯನ್ನು ಖಾಲಿ ಬಿಡಬಾರದು, ಬಿಟ್ಟರೆ ಕೈಕಾಲು ನಡುಗಿ ಬೀಳುತ್ತಾರೆ ಎಂದು ಡಾಕ್ಟರು ಹೇಳಿದ್ದರು. ಅಪ್ಪ ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿ ಫ್ಯಾನಿನ ಬಿಡಿಭಾಗಗಳ ತಪಾಸಣೆ ಮಾಡುತ್ತಿದ್ದರು. ಮಧ್ಯಾಹ್ನ ರೊಟ್ಟಿ ತಿಂದರೆ ಮತ್ತೆ ಊಟ ದಿಲ್‌ಸುಖ್‌ನಗರದ ಮನೆ ಸೇರಿದ ಮೇಲೆಯೇ. ಅದಕ್ಕೆ ಅವ್ವ ಬೆಳಿಗ್ಗೆ ಒಂದು ಜೇಬಿಗೆ ಹುರಿದ ಶೇಂಗಾ, ಇನ್ನೊಂದಕ್ಕೆ ಪುಠಾಣಿ ಅಂದರೆ ನಿಮ್ಮ ಹುರಿಗಡಲೆ, ಮತ್ತೊಂದಕ್ಕೆ ಒಣಕೊಬ್ಬರಿಯ ಚೂರು ತುಂಬುತ್ತಿದ್ದಳು. ಕೊನೆಯ ಜೇಬಿನಲ್ಲಿ ಒಂದಿಷ್ಟು ಬೆಲ್ಲ. ಅದು ಕೈ ನಡುಗಿದರೆ ಮಾತ್ರ. ಹುರಿದು ಅರಳಿಸಿದ ಜೋಳದ ಅಳ್ಳನ್ನೂ ಒಮ್ಮೆ ಕಟ್ಟಿಕೊಟ್ಟು ನೋಡಿದಳು, ಸಂಜೆಗೆ ಅದು ಹಿಟ್ಟಾಗಿತ್ತು.

ನನ್ನ ಕಾಲೇಜು ಅಪ್ಪನ ಬಸ್ಸಿನ ದಾರಿಯಲ್ಲೇ ಇತ್ತು. ಸಂಜೆ ಅವರು ಪಕ್ಕದ ಸೀಟಿನ ಮೇಲೆ ಕರವಸ್ತ್ರ ಹಾಸಿ ನನಗಾಗಿ ಜಾಗ ಹಿಡಿದಿರುತ್ತಿದ್ದರು. "ಅವರು ತಿಂದದ್ದು ಕಣ್ಣಾರೆ ನೋಡಿ ಬಂದು ನನಗ ಹೇಳು" ಎಂದು ಅವ್ವ ನನಗೆ ಕೆಲಸ ಹಚ್ಚಿದ್ದಳು. ಆದರೆ ಉಪ್ಪಲ್ ದಾಟುವ ಹೊತ್ತಿಗೆ ಬಿಸಿಲು ಓರೆಯಾಗಿ ಒಳಗೆ ಬಂದು, ತೇಲುವ ಧೂಳೆಲ್ಲ ಅರಿಶಿನದ ಬಣ್ಣಕ್ಕೆ ತಿರುಗಿ, ತೆಲುಗು, ಉರ್ದು, ನಮ್ಮ ಕನ್ನಡ ಎಲ್ಲ ಸೇರಿ ಒಂದೇ ಗುನುಗಾಗಿ ಕೇಳಿಸುತ್ತಿತ್ತು. ನನ್ನ ಕಣ್ಣು ತಾನಾಗಿ ಎಳೆಯುತ್ತಿತ್ತು. ಆ ಜೊಂಪಿನಲ್ಲೇ ಚಂಚಿಯ ದಾರ ಬಿಚ್ಚುವ ಸಪ್ಪಳಕ್ಕೆ ಎಚ್ಚರವಾಗುತ್ತಿತ್ತು.

ಅಪ್ಪ ಚಂಚಿ ಬಿಚ್ಚುತ್ತಿದ್ದರು, ಸರಿ. ತಿನ್ನುತ್ತಿದ್ದರೇ? ನಮ್ಮ ಕಡೆ ನಾಲ್ಕು ಜನರ ನಡುವೆ ಕೂತು ಒಬ್ಬನೇ ತಿನ್ನುವವನಿಗೆ ಮರ್ಯಾದೆ ಇಲ್ಲ. ಬಲಕ್ಕೆ ತಿರುಗಿ "ತೀಸ್ಕೋಂಡಿ", ಎಡಕ್ಕೆ ತಿರುಗಿ "ಲೀಜಿಯೇ", ನನಗೆ "ತಗೋ". ಅದೂ ಮೊದಲು ಬೆಲ್ಲ, ಯಾಕೆಂದರೆ ಮನೆಗೆ ಬಂದವರಿಗೆ ಮೊದಲು ಕೊಡುವುದೇ ಬೆಲ್ಲ, ನೀರು. ಅದು ಮನೆಯಲ್ಲ, ಸಿಟಿ ಬಸ್ಸು ಎಂದು ಅವರಿಗೆ ಹೇಳುವವರಾರು? ಹಿಂದಿನ ಸೀಟಿನ ಮುದುಕ ದರ್ಜಿ, ಪಕ್ಕದ ಸೀಟಿನ ನರ್ಸಮ್ಮ, ನಿತ್ಯದ ಇನ್ನೂ ಕೆಲವರು, ಕೊನೆಗೆ ಕಂಡಕ್ಟರ್. ಚಂಚಿ ಸುತ್ತಿ ಬರುವಷ್ಟರಲ್ಲಿ ಒಳಗೆ ಸಿಪ್ಪೆ ಮಾತ್ರ. ಅಪ್ಪ ಅದನ್ನೇ ಅಂಗೈಗೆ ಕೊಡವಿಕೊಂಡು ಬಾಯಿಗೆ ಹಾಕಿ, ಹೊಟ್ಟೆ ತುಂಬಿದವರಂತೆ ದಾರ ಕಟ್ಟುತ್ತಿದ್ದರು. ಕಂಡದ್ದನ್ನು ನಾನು ಅವ್ವನಿಗೆ ಹೇಳಿದೆ. ಅವ್ವ ಇನ್ನಷ್ಟು ತುಂಬಿದಳು. ಚಂಚಿ ಉಬ್ಬಿದಂತೆಲ್ಲ ಮುಂದಿನ ಸೀಟಿನವರೂ ಹಿಂದೆ ತಿರುಗುವುದನ್ನು ಕಲಿತರು.

ಒಂದು ಸಂಜೆ ದಿಲ್‌ಸುಖ್‌ನಗರದಲ್ಲಿ ಇಳಿದವರೇ ಅಪ್ಪ ಫುಟ್‌ಪಾತಿನ ಮೇಲೆ ಕುಸಿದು ಕೂತರು. ಅಂಗಿಯೆಲ್ಲ ಬೆವರು, ಮಾತು ತೊದಲು. ಚಂಚಿ ತಡಕಾಡಿದರೆ ಬೆಲ್ಲದ ಜೇಬು ಖಾಲಿ. ಪಕ್ಕದ ಗಾಡಿಯ ಕಬ್ಬಿನ ಹಾಲಿನವನು ಗ್ಲಾಸು ಹಿಡಿದು ಓಡಿ ಬಂದ. ಎರಡು ಗುಟುಕು ಇಳಿದ ಮೇಲೆ ಅಪ್ಪ ಎಲ್ಲೋ ದೂರದಿಂದ ನೋಡುವಂತೆ ನನ್ನ ಮುಖ ನೋಡಿ, "ನೀ ಉಂಡ್ಯೇನವ್ವಾ?" ಎಂದರು. ಅಪ್ಪ ಸತ್ತೇ ಹೋಗುತ್ತಾರೆ ಎಂದು ಹೆದರಿದ್ದ ನನಗೆ ಆ ಮಾತಿಗೆ ಅಳುವೂ ಬಂತು, ಸಿಟ್ಟೂ ಬಂತು.

ಮನೆಯಲ್ಲಿ ಅವ್ವ ಬಿಡಲಿಲ್ಲ. "ಎಷ್ಟ್ ಹಾಕಿದ್ರೂ ಹಂಚಿ ಬರ್ತೀರಿ. ನಿಮಗ ಏನರ ಆದ್ರ ಆ ಬಸ್ಸಿನ ಮಂದಿ ಬಂದು ನಮ್ಮನ್ನ ನೋಡ್ತಾರೇನ್ರಿ?"

ಅಪ್ಪ ಖಾಲಿ ಚಂಚಿಯನ್ನು ಗೂಟಕ್ಕೆ ತೂಗುಹಾಕಿದರು. "ನಾಕು ಮಂದಿ ಮುಂದ ನಾ ಒಬ್ಬನ ಹೆಂಗ ತಿನ್ಲಿ? ಗಂಟಲಾಗ ಇಳಿಯಂಗಿಲ್ಲ."

ಮರುದಿನ ಸಂಜೆ ನಾವು ಇಳಿಯುವಾಗ ಅವ್ವ ಬಸ್‌ಸ್ಟಾಪಿನಲ್ಲೇ ನಿಂತಿದ್ದಳು. ಅಪ್ಪನನ್ನು ಲಿಂಬೆಹಣ್ಣು ತರಲು ಅತ್ತ ಕಳಿಸಿ, ಇಳಿದು ಹೊರಟಿದ್ದ ದರ್ಜಿ ಮತ್ತು ನರ್ಸಮ್ಮನನ್ನು ಅಡ್ಡಗಟ್ಟಿದಳು. "ಆಯನಕಿ ಷುಗರ್ ಉಂದಿ" ಎನ್ನುವವರೆಗೆ ಅವಳ ತೆಲುಗು ನಡೆಯಿತು. ಮುಂದಿನದನ್ನೆಲ್ಲ ಕೈ ಮುಗಿದು ಕನ್ನಡದಲ್ಲೇ ಹೇಳಿದಳು. "ಅವರು ಕೊಟ್ರ ತಗೋಬ್ಯಾಡ್ರಿ. ಅವರ ಹೊಟ್ಟ್ಯಾಗ ಏನೂ ಉಳಿಯವಲ್ದು." ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ, ಆದರೆ ಇಬ್ಬರಿಗೂ ಅರ್ಥವಾಯಿತು.

ಅದರ ಮರುದಿನ ಅಪ್ಪ ಎಂದಿನಂತೆ ಚಂಚಿ ಬಿಚ್ಚಿದರು. "ವದ್ದು ಸಾರ್, ಇಪ್ಪುಡೇ ತಿನ್ನಾನು" ಎಂದು ಈಗಷ್ಟೇ ತಿಂದವಳಂತೆ ಕೈಯಾಡಿಸಿದಳು ನರ್ಸಮ್ಮ. ದರ್ಜಿ ಹೊಟ್ಟೆಯ ಮೇಲೆ ಕೈಯಿಟ್ಟು ತಲೆಯಾಡಿಸಿದ. ಸುದ್ದಿ ಅಷ್ಟರಲ್ಲಿ ಬಸ್ಸಿಗೆಲ್ಲ ಹಬ್ಬಿತ್ತು. ಎಲ್ಲರಿಗೂ ಕಿಟಕಿಯ ಹೊರಗೆ ನೋಡುವಂಥದ್ದು ಏನೋ ಸಿಕ್ಕಿತು. ಅಪ್ಪನ ಚಾಚಿದ ಕೈ ಅತ್ತಿತ್ತ ತಿರುಗಿ ಹಾಗೇ ಮಡಿಲಿಗೆ ಮರಳಿತು. ಇನ್ನಾದರೂ ತಿನ್ನುತ್ತಾರೆ ಎಂದುಕೊಂಡೆ. ಅವರು ಚಂಚಿಯನ್ನು ಸುರುಳಿ ಸುತ್ತತೊಡಗಿದರು.

"ತಿನ್ರಿ ಅಪ್ಪಾ."

"ಹಸಿವಿಲ್ಲ ಬಿಡವ್ವ."

ಬಸ್ಸು ನಾಗೋಲ್ ಸೇತುವೆ ಹತ್ತಿತು. ಕೆಳಗೆ ಮೂಸಿ ಹೊಳೆ, ದಂಡೆಯ ಉದ್ದಕ್ಕೂ ಎಮ್ಮೆಗಳಿಗೆಂದು ಬೆಳೆದ ಹಸಿರು ಹುಲ್ಲು. ಅದರ ಮೇಲಿನ ಬೆಳಕು ಎಷ್ಟು ಮೆತ್ತಗಿತ್ತೆಂದರೆ ಯಾರಿಗೂ ಏನೂ ಆಗಲಾರದು ಎನ್ನುವ ಹಾಗಿತ್ತು. ಪಕ್ಕದಲ್ಲಿ ಅಪ್ಪನ ಬೆರಳುಗಳು ದಾರದ ಗಂಟು ಹಾಕಲಾರದೆ ನಡುಗುತ್ತಿದ್ದವು.

ಆಗ ಹಿಂದಿನಿಂದ ದರ್ಜಿಯ ಕೈ ಅಪ್ಪನ ಹೆಗಲ ಮೇಲಿಂದ ಇಳಿಯಿತು. ಸೂಜಿ ಹಿಡಿಯುವ ಬೆರಳುಗಳು ಸುರುಳಿ ಸಡಿಲಿಸಿ ಚಂಚಿಯಿಂದ ಒಂದೇ ಒಂದು ಪುಠಾಣಿ ಕಾಳು ಎತ್ತಿದವು. "ಏಕ್ ದಾನಾ ಲಿಯಾ ಸಾಬ್. ಅಬ್ ಆಪ್ ಖಾವ್." ಇನ್ನು ನೀವು ತಿನ್ನಿ ಎನ್ನುತ್ತ ಅವನು ಆ ಕಾಳನ್ನು ಎಲ್ಲರಿಗೂ ಕಾಣುವಂತೆ ಬಾಯಿಗೆ ಹಾಕಿಕೊಂಡ. ನರ್ಸಮ್ಮ ಒಂದು ಶೇಂಗಾ ತೆಗೆದುಕೊಂಡಳು. ಮುಂದಿನ ಸೀಟಿನವರು ತಿರುಗಿ ಒಂದೊಂದು. ಕಂಡಕ್ಟರ್ ಒಂದು. ನಾನೂ ಒಂದು. ಬೆಲ್ಲವನ್ನು ಯಾರೂ ಮುಟ್ಟಲಿಲ್ಲ. ಸುತ್ತಿ ಬಂದ ಚಂಚಿ ತುಂಬಿಯೇ ಇತ್ತು. ಅಪ್ಪ ಅದನ್ನು ಕ್ಷಣ ಹೊತ್ತು ನೋಡಿದರು. ಆಮೇಲೆ ಬೆಲ್ಲ ಬಾಯಿಗಿಟ್ಟುಕೊಂಡು, ಶೇಂಗಾ ಹಿಡಿ ತುಂಬ ತೆಗೆದು ತಿನ್ನತೊಡಗಿದರು. ಅವರು ಅಗಿಯುವ ಸಪ್ಪಳ ಕೇಳುತ್ತ ನನಗೆ ಮನೆಯವರೆಗೂ ನಿದ್ದೆ ಬಂತು.

ಅವ್ವ ಬಾಗಿಲಲ್ಲೇ ನಿಂತಿದ್ದಳು. "ಇವತ್ತರ ತಿಂದ್ರೇನ್ರಿ?"

"ಎಲ್ಲಾರೂ ತಿಂದ್ವಿ" ಎಂದರು ಅಪ್ಪ, ಚಪ್ಪಲಿ ಬಿಡುತ್ತ.

ಅವ್ವನ ಮುಖ ಬಾಡಿತು. ಅವಳು ನನ್ನ ಕಡೆ ನೋಡಿದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ಚಂಚಿ ಹಿಡಿದುಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ನೋಡಿದರೆ ಚಂಚಿಯ ಹೊರಗೆ ಹಳೆಯ ಸೀರೆಯ ಅಂಚಿನ ತುಂಡಿನಿಂದ ಐದನೆಯ ಜೇಬೊಂದು ಹೊಲಿದಿತ್ತು. ಅವ್ವ ಅದಕ್ಕೆ ಪುಠಾಣಿ ಸುರಿಯುತ್ತಿದ್ದಳು.

"ಇದು ಬಸ್ಸಿನವರದು" ಎಂದಳು.